ಜಿಲ್ಲಾ ಟೂರ್ನಿಯಿಂದ ವಿಶ್ವ ರ‍್ಯಾಂಕಿಂಗ್‌ವರೆಗೆ: ಟೇಬಲ್ ಟೆನಿಸ್ ಆಟಗಾರರಿಗೂ ಪೋಷಕರಿಗೂ ಒಂದು ದಾರಿ

2024ರ ಜನವರಿಯಲ್ಲಿ ಭಾರತದ ಟೇಬಲ್ ಟೆನಿಸ್ ಆಟಗಾರ್ತಿ ಶ್ರೀಜಾ ಅಕುಲಾ ಅಮೆರಿಕದ ಕಾರ್ಪಸ್ ಕ್ರಿಸ್ಟಿಯಲ್ಲಿ ಒಂದು ಫೀಡರ್ (ವೃತ್ತಿಪರ ಸರಣಿಯ ಕೆಳಗಿನ ಮೆಟ್ಟಿಲಿನ) ಟೂರ್ನಿ ಗೆದ್ದರು. ಮಾರ್ಚ್‌ನಲ್ಲಿ ಬೈರೂತ್‌ನಲ್ಲಿ ಇನ್ನೊಂದು ಫೀಡರ್ ಗೆದ್ದರು. ಜೂನ್‌ನಲ್ಲಿ ನೈಜೀರಿಯಾದ ಲಾಗೋಸ್‌ನಲ್ಲಿ ಅದರ ಮೇಲಿನ ಮೆಟ್ಟಿಲಾದ ಕಂಟೆಂಡರ್ ಟೂರ್ನಿಯ ಸಿಂಗಲ್ಸ್ ಪ್ರಶಸ್ತಿ ಬಂತು. ಆ ಮಟ್ಟದಲ್ಲಿ ಸಿಂಗಲ್ಸ್ ಗೆದ್ದ ಮೊದಲ ಭಾರತೀಯ ಆಟಗಾರ್ತಿ ಅವರು. ಜುಲೈ ಕೊನೆಗೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊನೆಯ 16ರ ಸುತ್ತಿನಲ್ಲಿದ್ದರು.

ಈ ನಾಲ್ಕು ಸಾಲಿನಲ್ಲಿ ಟಿಟಿಯ ಇಡೀ ಏಣಿ ಇದೆ. ಆದರೆ ನಮ್ಮಲ್ಲಿ ತುಂಬಾ ಪೋಷಕರಿಗೆ, ಕೆಲವು ಕೋಚ್‌ಗಳಿಗೂ, ಈ ಏಣಿಯ ಮೆಟ್ಟಿಲುಗಳು ಗೊತ್ತಿರುವುದಿಲ್ಲ. "ನನ್ನ ಮಗಳು ಸ್ಟೇಟ್ ಗೆದ್ದಿದ್ದಾಳೆ, ಇಂಟರ್‌ನ್ಯಾಷನಲ್ ಯಾವಾಗ ಆಡೋದು?" ಅಂತ ಕೇಳುತ್ತಾರೆ. ಹದಿನೈದು ವರ್ಷಗಳಿಂದ ಮಕ್ಕಳ ಜತೆ ಟೂರ್ನಿಗಳಿಗೆ ಓಡಾಡುತ್ತಿದ್ದೇನೆ. ಆಟ ಚೆನ್ನಾಗಿದ್ದೂ ಲೆಕ್ಕಾಚಾರ ಗೊತ್ತಿಲ್ಲದೆ ಹಿಂದೆ ಉಳಿದ ಮಕ್ಕಳನ್ನು ಕಂಡಿದ್ದೇನೆ. ಅದು ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ನೋಂದಣಿ

ವಿದೇಶದ ಟೂರ್ನಿಗೆ ಆಟಗಾರ ತಾನೇ ನೇರವಾಗಿ ಹೆಸರು ಕೊಡಲು ಆಗುವುದಿಲ್ಲ. ಎಂಟ್ರಿ ಹೋಗುವುದು ರಾಷ್ಟ್ರೀಯ ಸಂಸ್ಥೆಯ ಮೂಲಕ. ನಮಗೆ ಅದು ಭಾರತೀಯ ಟೇಬಲ್ ಟೆನಿಸ್ ಫೆಡರೇಷನ್. ಅದರ ಕೆಳಗೆ ಕರ್ನಾಟಕ ಟೇಬಲ್ ಟೆನಿಸ್ ಸಂಸ್ಥೆ, ಅದರ ಕೆಳಗೆ ಜಿಲ್ಲಾ ಸಂಸ್ಥೆಗಳು. ಹಾಗಾಗಿ ಮೊದಲು ಜಿಲ್ಲೆ ಅಥವಾ ರಾಜ್ಯ ಸಂಸ್ಥೆಯಲ್ಲಿ ಹೆಸರು ಇರಬೇಕು. ರಾಜ್ಯ ರ‍್ಯಾಂಕಿಂಗ್ ಟೂರ್ನಿಗಳನ್ನು ಆಡಿ, ಅಲ್ಲಿಂದ ರಾಷ್ಟ್ರೀಯ ರ‍್ಯಾಂಕಿಂಗ್ ಟೂರ್ನಿಗೆ ಹೋಗಬೇಕು. ನೋಂದಣಿ ನವೀಕರಿಸುವ ದಿನಾಂಕವನ್ನು ಮನೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ.

ಜನನ ಪ್ರಮಾಣಪತ್ರ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಇರಲಿ. ನಮ್ಮ ಕಡೆ ಇನಿಷಿಯಲ್ ಒಂದರಲ್ಲಿ ಮುಂದೆ ಇರುತ್ತದೆ, ಇನ್ನೊಂದರಲ್ಲಿ ಹಿಂದೆ ಇರುತ್ತದೆ. ಎಂಟ್ರಿ ಕೊನೆಯ ದಿನ ಇದು ತಲೆನೋವಾಗುತ್ತದೆ. ಪಾಸ್‌ಪೋರ್ಟ್ ಅವಧಿಯೂ ಮುಖ್ಯ. ಮಕ್ಕಳ ಪಾಸ್‌ಪೋರ್ಟ್ ಐದು ವರ್ಷಕ್ಕೇ ಮುಗಿಯುತ್ತದೆ, ಅದು ಮರೆತೇ ಹೋಗಿರುತ್ತದೆ.

ಹೊರದೇಶದಲ್ಲಿ ನೆಲೆಸಿರುವ ಕನ್ನಡಿಗರಿಗೆ ಒಂದು ಮಾತು. ಮಗು ಯಾವ ದೇಶದ ಪರ ಆಡುತ್ತದೆ ಅನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ದೇಶದಿಂದ ಇನ್ನೊಂದಕ್ಕೆ ಬದಲಾದರೆ ದೊಡ್ಡ ಟೂರ್ನಿಗಳಲ್ಲಿ ಆಡಲು ವರ್ಷಗಟ್ಟಲೆ ಕಾಯಬೇಕಾಗುತ್ತದೆ. ವಯಸ್ಸು ಜಾಸ್ತಿಯಾದಷ್ಟೂ ಕಾಯುವ ಕಾಲವೂ ಜಾಸ್ತಿ.

ಎರಡನೇ ಹೆಜ್ಜೆ: ವಯಸ್ಸಿನ ಲೆಕ್ಕ

ಕಿರಿಯರ ಅಂತರರಾಷ್ಟ್ರೀಯ ಟೂರ್ನಿಗಳಲ್ಲಿ 11, 13, 15, 17, 19 ವರ್ಷದೊಳಗಿನವರು ಅಂತ ವಿಭಾಗಗಳಿವೆ. ಇಲ್ಲಿ ಹುಟ್ಟಿದ ದಿನಕ್ಕಿಂತ ಹುಟ್ಟಿದ ವರ್ಷ ಮುಖ್ಯ. ಟೂರ್ನಿ ನಡೆಯುವ ವರ್ಷದಿಂದ ವಿಭಾಗದ ಸಂಖ್ಯೆಯನ್ನು ಕಳೆಯಿರಿ. ಆ ವರ್ಷ ಅಥವಾ ನಂತರ ಹುಟ್ಟಿದವರು ಆ ವಿಭಾಗದಲ್ಲಿ ಆಡಬಹುದು. 2024ರಲ್ಲಿ 19ರೊಳಗಿನವರು ಅಂದರೆ 2005ರ ಜನವರಿ 1 ಅಥವಾ ನಂತರ ಹುಟ್ಟಿದವರು.

ಇದರಿಂದ ಜನವರಿಯಲ್ಲಿ ಹುಟ್ಟಿದ ಮಗುವಿಗೆ ಒಂದು ಅನುಕೂಲ ಇದೆ. ಡಿಸೆಂಬರ್‌ನಲ್ಲಿ ಹುಟ್ಟಿದ ಮಗು ಅದೇ ವಿಭಾಗದಲ್ಲಿ ಹನ್ನೊಂದು ತಿಂಗಳು ದೊಡ್ಡವರ ಎದುರು ಆಡುತ್ತದೆ. 12 ವರ್ಷದ ಮಕ್ಕಳಲ್ಲಿ ಹನ್ನೊಂದು ತಿಂಗಳು ಅಂದರೆ ಎತ್ತರದಲ್ಲೂ ಶಕ್ತಿಯಲ್ಲೂ ದೊಡ್ಡ ಅಂತರ. ಡಿಸೆಂಬರ್ ಮಗು ಸೋತರೆ ಬೇಜಾರಾಗಬೇಡಿ, ಅದನ್ನು ಸುಮ್ನೆ ಅಣ್ಣನ ಜತೆ ಹೋಲಿಸಲೂ ಬೇಡಿ.

ಮೂರನೇ ಹೆಜ್ಜೆ: ಏಣಿಯನ್ನು ಗುರುತಿಸಿ

ಈ ಆಟದ ಅಂತರರಾಷ್ಟ್ರೀಯ ಫೆಡರೇಷನ್ ಆದ ಐಟಿಟಿಎಫ್ ಶುರುವಾದದ್ದು 1926ರಲ್ಲಿ. ಮೊದಲ ವಿಶ್ವ ಚಾಂಪಿಯನ್‌ಷಿಪ್ ಅದೇ ವರ್ಷ ಲಂಡನ್‌ನಲ್ಲಿ ನಡೆಯಿತು. ಈಗಿನ ವೃತ್ತಿಪರ ಸರಣಿಯ ಹೆಸರು ಡಬ್ಲ್ಯುಟಿಟಿ (ವರ್ಲ್ಡ್ ಟೇಬಲ್ ಟೆನಿಸ್). ಅದು 2021ರಲ್ಲಿ ಅಂಕಣಕ್ಕೆ ಇಳಿಯಿತು. ಕೆಳಗಿನಿಂದ ಮೇಲಕ್ಕೆ ಫೀಡರ್, ಕಂಟೆಂಡರ್, ಸ್ಟಾರ್ ಕಂಟೆಂಡರ್, ಚಾಂಪಿಯನ್ಸ್, ತುದಿಯಲ್ಲಿ ಗ್ರ್ಯಾಂಡ್ ಸ್ಮ್ಯಾಷ್. ವರ್ಷದ ಕೊನೆಗೆ ಆಯ್ದ ಕೆಲವರಿಗೆ ಫೈನಲ್ಸ್. ಕಿರಿಯರಿಗೆ ಯೂತ್ ಕಂಟೆಂಡರ್, ಯೂತ್ ಸ್ಟಾರ್ ಕಂಟೆಂಡರ್ ಅಂತ ಬೇರೆ ಸಾಲು ಇದೆ.

ಸ್ಟಾರ್ ಕಂಟೆಂಡರ್ ನಮ್ಮ ಪಕ್ಕದಲ್ಲೇ ನಡೆದಿದೆ. 2023 ಮತ್ತು 2024ರಲ್ಲಿ ಗೋವಾದಲ್ಲಿ, 2025ರಲ್ಲಿ ಚೆನ್ನೈನಲ್ಲಿ. ಭಾರತದ ಹಿರಿಯ ಆಟಗಾರ ಶರತ್ ಕಮಲ್ ತಮ್ಮ ಆಟದ ಜೀವನ ಮುಗಿಸಿದ್ದು ಆ ಚೆನ್ನೈ ಟೂರ್ನಿಯಲ್ಲೇ. ಇಂಥ ಟೂರ್ನಿ ಬೆಂಗಳೂರಿನಿಂದ ಒಂದು ರಾತ್ರಿ ರೈಲಿನ ದೂರದಲ್ಲಿ ನಡೆದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ಮುಖ್ಯ ಸುತ್ತಿಗಿಂತ ಮೊದಲ ದಿನಗಳ ಅರ್ಹತಾ ಸುತ್ತು ನೋಡಿ. ನಿಮ್ಮ ಮಗು ಮುಂದೆ ಕಾಲಿಡಬೇಕಾದ ಜಾಗ ಅದು.

ಯಾರಿಗೆ ನೇರ ಪ್ರವೇಶ ಅನ್ನುವುದು ಹೀಗೆ ತೀರ್ಮಾನವಾಗುತ್ತದೆ. ಎಂಟ್ರಿ ಬಂದವರನ್ನು ವಿಶ್ವ ರ‍್ಯಾಂಕಿಂಗ್ ಪ್ರಕಾರ ಜೋಡಿಸುತ್ತಾರೆ. ಮೇಲಿನವರು ನೇರವಾಗಿ ಮುಖ್ಯ ಸುತ್ತಿಗೆ, ಕೆಳಗಿನವರು ಅರ್ಹತಾ ಸುತ್ತಿಗೆ. ಕೆಲವು ಜಾಗ ವೈಲ್ಡ್‌ಕಾರ್ಡ್‌ಗೆ (ರ‍್ಯಾಂಕಿಂಗ್ ನೋಡದೆ ಕೊಡುವ ಪ್ರವೇಶಕ್ಕೆ) ಮತ್ತು ಆತಿಥೇಯ ದೇಶದ ಆಟಗಾರರಿಗೆ ಮೀಸಲು. ಭಾರತದಲ್ಲಿ ಟೂರ್ನಿ ನಡೆದಾಗ ನಮ್ಮ ಮಕ್ಕಳಿಗೆ ಅವಕಾಶ ಜಾಸ್ತಿ ಸಿಗುವುದು ಇದರಿಂದ. ಗ್ರ್ಯಾಂಡ್ ಸ್ಮ್ಯಾಷ್‌ನ ಸಿಂಗಲ್ಸ್ ಮುಖ್ಯ ಸುತ್ತಿನಲ್ಲಿ 64 ಜನ. ಚಾಂಪಿಯನ್ಸ್‌ನಲ್ಲಿ 32 ಜನ ಮಾತ್ರ, ಅಲ್ಲಿ ಅರ್ಹತಾ ಸುತ್ತೇ ಇಲ್ಲ.

ನಾಲ್ಕನೇ ಹೆಜ್ಜೆ: ಅಂಕದ ಲೆಕ್ಕ

ಇಲ್ಲಿ ಸ್ವಲ್ಪ ನಿಂತು ಓದಿ. ವಿಶ್ವ ರ‍್ಯಾಂಕಿಂಗ್‌ನಲ್ಲಿ ನಿಮ್ಮ ಎಲ್ಲ ಟೂರ್ನಿಗಳ ಅಂಕ ಸೇರುವುದಿಲ್ಲ. ಕಳೆದ 52 ವಾರಗಳಲ್ಲಿ ಅತ್ಯುತ್ತಮವಾದ 8 ಫಲಿತಾಂಶ ಮಾತ್ರ ಲೆಕ್ಕಕ್ಕೆ. ಪಟ್ಟಿ ಪ್ರತಿ ವಾರ ಹೊಸದಾಗುತ್ತದೆ. ಒಂದು ವರ್ಷ ತುಂಬಿದ ಫಲಿತಾಂಶ ತಾನಾಗಿ ಉದುರಿ ಹೋಗುತ್ತದೆ.

ಗ್ರ್ಯಾಂಡ್ ಸ್ಮ್ಯಾಷ್ ಗೆದ್ದವರಿಗೆ 2000 ಅಂಕ. ಚಾಂಪಿಯನ್ಸ್‌ಗೆ 1000, ಸ್ಟಾರ್ ಕಂಟೆಂಡರ್‌ಗೆ 600, ಕಂಟೆಂಡರ್‌ಗೆ 400. ಸ್ಮ್ಯಾಷ್‌ನಲ್ಲಿ ಫೈನಲ್ ಸೋತರೆ 1400, ಸೆಮಿಫೈನಲ್‌ನಲ್ಲಿ ಸೋತರೆ 700, ಕ್ವಾರ್ಟರ್‌ಫೈನಲ್‌ನಲ್ಲಿ ಸೋತರೆ 350. ಕೊನೆಯ ಸಂಖ್ಯೆಯನ್ನು ಕಂಟೆಂಡರ್ ಗೆಲುವಿನ ಪಕ್ಕ ಇಟ್ಟು ನೋಡಿ. 2024ರ ಮೇ ತಿಂಗಳಲ್ಲಿ ಜೆಡ್ಡಾದ ಸೌದಿ ಸ್ಮ್ಯಾಷ್‌ನಲ್ಲಿ ಭಾರತದ ಮಣಿಕಾ ಬಾತ್ರಾ ಆಗಿನ ವಿಶ್ವದ ಎರಡನೇ ರ‍್ಯಾಂಕಿನ, ಚೀನಾದ ವಾಂಗ್ ಮನ್ಯು ಅವರನ್ನು ಸೋಲಿಸಿ ಕ್ವಾರ್ಟರ್‌ಫೈನಲ್ ತಲುಪಿದರು. 39ನೇ ಸ್ಥಾನದಿಂದ 24ಕ್ಕೆ ಏರಿದರು. ಮರುತಿಂಗಳು ಶ್ರೀಜಾ ಲಾಗೋಸ್‌ನಲ್ಲಿ ಕಂಟೆಂಡರ್ ಗೆದ್ದು ಅದಕ್ಕಿಂತ 50 ಅಂಕ ಜಾಸ್ತಿ ಪಡೆದರು. ಎರಡು ದಾರಿ, ಹತ್ತಿರ ಹತ್ತಿರದ ಫಲ.

ಲಾಗೋಸ್ ಅಂದಾಗ ನಮಗೆ ಇನ್ನೊಂದು ಸಂತೋಷವೂ ಇದೆ. ಅಲ್ಲಿನ ಮಹಿಳಾ ಡಬಲ್ಸ್ ಫೈನಲ್‌ನಲ್ಲಿ ನಾಲ್ವರೂ ಭಾರತೀಯರು. ಶ್ರೀಜಾ ಮತ್ತು ನಮ್ಮ ಬೆಂಗಳೂರಿನ ಅರ್ಚನಾ ಕಾಮತ್ ಗೆದ್ದರು. ಎದುರು ಇದ್ದವರು ದಿಯಾ ಚಿತಳೆ ಮತ್ತು ಕರ್ನಾಟಕದವರೇ ಆದ ಯಶಸ್ವಿನಿ ಘೋರ್ಪಡೆ.

ಈ ಲೆಕ್ಕದಿಂದ ಮೂರು ವಿಷಯ ಕಲಿಯಬೇಕು.

ಒಂದು, ಹೊಸಬರು ಮೊದಲು ಎಂಟು ಖಾನೆ ತುಂಬಿಸಬೇಕು. ನಾಲ್ಕೇ ಟೂರ್ನಿ ಆಡಿದವರಿಗೆ ಉಳಿದ ನಾಲ್ಕು ಖಾನೆ ಸೊನ್ನೆ. ಎಂಟು ಸಣ್ಣ ಟೂರ್ನಿಗಳಲ್ಲಿ ತಲಾ ಎರಡು ಸುತ್ತು ಗೆಲ್ಲುವುದು ಶುರುವಿನಲ್ಲಿ ಒಳ್ಳೆಯ ಗುರಿ.

ಎರಡು, ಎಂಟು ತುಂಬಿದ ಮೇಲೆ ಇನ್ನೊಂದು ಸಾಧಾರಣ ಫಲಿತಾಂಶದಿಂದ ಏನೂ ಬದಲಾಗುವುದಿಲ್ಲ. ಪಟ್ಟಿಯಲ್ಲಿ ಅತಿ ಕಡಿಮೆ ಇರುವ ಅಂಕವನ್ನು ಮೀರಿಸುವ ಟೂರ್ನಿ ಯಾವುದು ಅಂತ ಹುಡುಕಿ. ಲಕ್ಷಗಟ್ಟಲೆ ಖರ್ಚು ಮಾಡಿ ವಿಮಾನ ಹತ್ತುವ ಮೊದಲು ಈ ಒಂದು ಲೆಕ್ಕ ಮಾಡಲೇಬೇಕು.

ಮೂರು, ಕಳೆದ ವರ್ಷ ಇದೇ ವಾರ ಏನು ಗಳಿಸಿದ್ದಿರಿ ನೋಡಿ. ಅದು ಉದುರುವ ವಾರದ ಸುತ್ತ ಒಂದು ಟೂರ್ನಿ ಇಟ್ಟುಕೊಳ್ಳಿ. ಗೋಡೆಯ ಮೇಲೆ ದೊಡ್ಡ ಹಾಳೆ ಅಂಟಿಸಿ, 52 ಚೌಕ ಗೀಚಿ, ಅಂಕ ಬಂದ ವಾರವನ್ನು ಹಸಿರು, ಉದುರುವ ವಾರವನ್ನು ಕೆಂಪು ಮಾಡಿ. ನಮ್ಮ ಕ್ಲಬ್ಬಿನಲ್ಲಿ ಮಕ್ಕಳೇ ಇದನ್ನು ಮಾಡುತ್ತಾರೆ. ತಾವೇ ಬಣ್ಣ ಹಚ್ಚಿದ ಮೇಲೆ ಯಾವ ಟೂರ್ನಿ ಯಾಕೆ ಅಂತ ಅವರು ನಮ್ಮನ್ನು ಕೇಳುವುದೇ ಇಲ್ಲ.

ಐದನೇ ಹೆಜ್ಜೆ: ಗುಂಪು ಹಂತ ಓದಲು ಕಲಿಯಿರಿ

ಕಿರಿಯರ ಟೂರ್ನಿಗಳು ಸಾಮಾನ್ಯವಾಗಿ ಗುಂಪುಗಳಿಂದ ಶುರುವಾಗುತ್ತವೆ. ಗುಂಪಿನಲ್ಲಿ ಮೂರು ಅಥವಾ ನಾಲ್ಕು ಜನ. ಗೆದ್ದರೆ 2 ಅಂಕ. ಪೂರ್ತಿ ಆಡಿ ಸೋತರೆ 1 ಅಂಕ. ಆಡದೆ ಬಿಟ್ಟರೆ ಅಥವಾ ಅರ್ಧಕ್ಕೆ ನಿಲ್ಲಿಸಿದರೆ 0. ಹೇಗೂ ಸೋಲುತ್ತೇನೆ ಅಂತ ಅರ್ಧಕ್ಕೆ ಕೈಬಿಟ್ಟರೆ ಒಂದು ಅಂಕವೂ ಕೈಬಿಡುತ್ತದೆ.

ಮೂವರು ಸಮ ಆದಾಗ ಗಲಿಬಿಲಿ ಶುರು. ನಿಯಮ ಹೀಗಿದೆ: ಸಮ ಆದವರು ತಮ್ಮ ತಮ್ಮಲ್ಲಿ ಆಡಿದ ಪಂದ್ಯ ಮಾತ್ರ ತೆಗೆದುಕೊಳ್ಳಬೇಕು. ಮೊದಲು ಪಂದ್ಯದ ಅಂಕ, ಆಮೇಲೆ ಗೆದ್ದ ಗೇಮ್‌ಗಳನ್ನು ಸೋತ ಗೇಮ್‌ಗಳಿಂದ ಭಾಗಿಸಿ ಬರುವ ಅನುಪಾತ, ಅದೂ ಸಮ ಆದರೆ ಪಾಯಿಂಟ್‌ಗಳ ಅನುಪಾತ.

ಒಂದು ಉದಾಹರಣೆ ನೋಡೋಣ. ಮೂವರ ಗುಂಪು: ಕಾವ್ಯ, ನಿಶಾ, ರಮ್ಯ. ಕಾವ್ಯ ನಿಶಾಳನ್ನು 3–0 ಸೋಲಿಸಿದಳು. ನಿಶಾ ರಮ್ಯಳನ್ನು 3–2. ರಮ್ಯ ಕಾವ್ಯಳನ್ನು 3–1. ಮೂವರಿಗೂ ಒಂದೊಂದು ಗೆಲುವು. ಕಾವ್ಯ 4 ಗೇಮ್ ಗೆದ್ದು 3 ಸೋತಿದ್ದಾಳೆ, ಅಂದರೆ 1.33. ರಮ್ಯ 5 ಗೆದ್ದು 4 ಸೋತಿದ್ದಾಳೆ, 1.25. ನಿಶಾ 3 ಗೆದ್ದು 5 ಸೋತಿದ್ದಾಳೆ, 0.6. ಕಾವ್ಯ ಮೊದಲು, ರಮ್ಯ ಎರಡನೇ ಸ್ಥಾನ. ಕಾವ್ಯ ಸೋತ ಪಂದ್ಯದಲ್ಲಿ ಕಿತ್ತುಕೊಂಡ ಆ ಒಂದು ಗೇಮ್ ನೋಡಿ. ಅದಿಲ್ಲದಿದ್ದರೆ ಅವಳು 3 ಗೆದ್ದು 3 ಸೋತು 1ಕ್ಕೆ ಇಳಿಯುತ್ತಿದ್ದಳು, ರಮ್ಯ 5 ಗೆದ್ದು 3 ಸೋತು ಮೊದಲ ಸ್ಥಾನಕ್ಕೆ ಹೋಗುತ್ತಿದ್ದಳು. 0–2 ಹಿಂದಿದ್ದಾಗ ಮಗುವಿನ ಕಿವಿಯಲ್ಲಿ ಇದನ್ನೇ ಹೇಳಿ: ಒಂದು ಗೇಮ್ ತಗೋ, ಅದಕ್ಕೂ ಬೆಲೆ ಇದೆ.

ಆರನೇ ಹೆಜ್ಜೆ: ಬ್ಯಾಟ್ ತಪಾಸಣೆ

ಅಂತರರಾಷ್ಟ್ರೀಯ ಟೂರ್ನಿಯಲ್ಲಿ ಬ್ಯಾಟನ್ನು ಯಂತ್ರದಲ್ಲಿ ಪರೀಕ್ಷಿಸುತ್ತಾರೆ. ಸ್ಪಾಂಜ್, ರಬ್ಬರ್, ಅಂಟು ಎಲ್ಲ ಸೇರಿ ಒಂದು ಬದಿ 4 ಮಿಲಿಮೀಟರ್ ದಾಟುವಂತಿಲ್ಲ. ಸ್ಪಾಂಜ್ ಇಲ್ಲದ, ಮೇಲೆ ಸಣ್ಣ ಉಬ್ಬುಗಳಿರುವ (ಪಿಂಪಲ್) ರಬ್ಬರ್ ಆದರೆ 2 ಮಿಲಿಮೀಟರ್. ರಬ್ಬರ್ ಸಮತಟ್ಟಾಗಿರಬೇಕು. ಐಟಿಟಿಎಫ್ ಒಪ್ಪಿದ ಪಟ್ಟಿಯಲ್ಲಿ ಇರಬೇಕು, ಅದರ ಗುರುತು ಹಿಡಿಕೆಯ ಬಳಿ ಕಾಣಬೇಕು. ಒಂದು ಬದಿ ಕಪ್ಪು ಕಡ್ಡಾಯ. ಇನ್ನೊಂದು ಬದಿ ಮೊದಲು ಕೆಂಪು ಮಾತ್ರ ಇತ್ತು. 2021ರ ಅಕ್ಟೋಬರ್‌ನಿಂದ ಗುಲಾಬಿ, ನೇರಳೆ, ಹಸಿರು, ನೀಲಿಯೂ ನಡೆಯುತ್ತದೆ. ಆವಿಯಾಗುವ ರಾಸಾಯನಿಕ ಇರುವ ಅಂಟು 2008ರಿಂದ ನಿಷೇಧ. ನೀರಿನ ಅಂಟನ್ನೇ ಬಳಸಿ. ಹೊಸ ರಬ್ಬರನ್ನು ಪ್ಯಾಕೆಟ್‌ನಿಂದ ತೆಗೆದು ಮೂರು ದಿನ ಗಾಳಿಗೆ ಇಟ್ಟು ಆಮೇಲೆ ಅಂಟಿಸಿ.

ಈ ವಿಷಯದಲ್ಲಿ ನಾವೇ ಪೆಟ್ಟು ತಿಂದಿದ್ದೇವೆ. ನಮ್ಮ ಕ್ಲಬ್ಬಿನ ಹುಡುಗಿಯೊಬ್ಬಳಿಗೆ ಪಂದ್ಯದ ಹಿಂದಿನ ರಾತ್ರಿ ಹೋಟೆಲ್ ರೂಮಿನಲ್ಲಿ ಹೊಸ ರಬ್ಬರ್ ಅಂಟಿಸಿಕೊಟ್ಟೆ. ಗಡಿಬಿಡಿಯಲ್ಲಿ ಅಂಟು ದಪ್ಪವಾಯಿತು. ಬೆಳಿಗ್ಗೆ ಯಂತ್ರ ಅದನ್ನು ಒಪ್ಪಲಿಲ್ಲ. ಅಭ್ಯಾಸವಿಲ್ಲದ ಎರಡನೇ ಬ್ಯಾಟಿನಲ್ಲಿ ಆಡಿ ಅವಳು ಸೋತಳು. ಆ ತಪ್ಪು ನನ್ನದು, ಅವಳದಲ್ಲ. ಅಂದಿನಿಂದ ಎರಡು ನಿಯಮ ಇಟ್ಟುಕೊಂಡಿದ್ದೇನೆ. ಟೂರ್ನಿಗೆ ವಾರ ಇರುವಾಗಲೇ ರಬ್ಬರ್ ಬದಲಾವಣೆ ಮುಗಿಯಬೇಕು. ಎರಡನೇ ಬ್ಯಾಟಿನಲ್ಲೂ ವಾರಕ್ಕೆ ಒಂದು ದಿನ ಪೂರ್ತಿ ಅಭ್ಯಾಸ ಮಾಡಬೇಕು.

ಟೂರ್ನಿ ಸ್ಥಳದಲ್ಲಿ ಪಂದ್ಯಕ್ಕೆ ಮೊದಲು ಸ್ವಂತ ಇಚ್ಛೆಯಿಂದ ಬ್ಯಾಟ್ ತೋರಿಸುವ ಸೌಲಭ್ಯ ಇದ್ದರೆ ಬಿಡಬೇಡಿ. ಬೇರೆ ಬೇರೆ ಬಣ್ಣದ ಎರಡು ಅಂಗಿ ಇರಲಿ. ಚೆಂಡು ಬಿಳಿ, ಹಾಗಾಗಿ ಬಿಳಿ ಅಂಗಿ ನಡೆಯುವುದಿಲ್ಲ. ಎದುರಾಳಿಯ ಬಣ್ಣಕ್ಕೆ ಹೊಂದಿದರೆ ಯಾರು ಬದಲಾಯಿಸಬೇಕು ಅಂತ ಚೀಟಿ ಎತ್ತುತ್ತಾರೆ.

ಏಳನೇ ಹೆಜ್ಜೆ: ಟೇಬಲ್ ಬಳಿ

ಗೇಮ್ 11 ಪಾಯಿಂಟ್‌ಗೆ, ಎರಡರ ಅಂತರ ಬೇಕು. 2001ರವರೆಗೆ 21 ಇತ್ತು, ಅಪ್ಪಂದಿರಿಗೆ ಆ ಆಟವೇ ನೆನಪಿರುತ್ತದೆ. ಪಂದ್ಯ ಐದು ಗೇಮ್ ಅಥವಾ ಏಳು ಗೇಮ್. ಟೂರ್ನಿಯ ಮಾಹಿತಿ ಪತ್ರದಲ್ಲಿ ಯಾವ ಸುತ್ತಿಗೆ ಎಷ್ಟು ಅಂತ ಬರೆದಿರುತ್ತಾರೆ. ಅದನ್ನು ಮಗುವಿನ ಕೈಲೇ ಓದಿಸಿ.

ಸರ್ವಿಸ್ ಮೇಲೆ ಅಂಪೈರ್ ಕಣ್ಣು ಬಿಗಿ. ಅಂಗೈ ತೆರೆದಿರಬೇಕು, ಚೆಂಡು ಕನಿಷ್ಠ 16 ಸೆಂಟಿಮೀಟರ್ ಮೇಲೆ ಹೋಗಬೇಕು, ಎದುರಾಳಿಗೆ ಕಾಣುವಂತೆ ಇರಬೇಕು. ಅನುಮಾನ ಬಂದರೆ ಮೊದಲ ಸಲ ಎಚ್ಚರಿಕೆ, ಆಮೇಲೆ ಪಾಯಿಂಟ್ ಹೋಗುತ್ತದೆ. ಊರಿನ ಟೂರ್ನಿಗಳಲ್ಲಿ ಇದನ್ನು ಸಡಿಲ ಬಿಡುತ್ತೇವೆ, ಅಲ್ವಾ? ಅಲ್ಲಿ ಬಿಟ್ಟದ್ದು ವಿದೇಶದಲ್ಲಿ 9–9 ಇದ್ದಾಗ ಕಾಡುತ್ತದೆ. ಮೊಬೈಲ್‌ನಲ್ಲಿ ಅಂಪೈರ್ ಕೂರುವ ಬದಿಯಿಂದ ವಿಡಿಯೊ ಮಾಡಿ ತೋರಿಸಿ.

ಟವಲ್ ಪ್ರತಿ 6 ಪಾಯಿಂಟ್‌ಗೆ. ಪಂದ್ಯಕ್ಕೆ ಒಂದೇ ಟೈಮ್‌ಔಟ್, ಒಂದು ನಿಮಿಷ. ಗೇಮ್‌ಗಳ ನಡುವೆಯೂ ಒಂದು ನಿಮಿಷ, ಆಗ ಬ್ಯಾಟ್ ಟೇಬಲ್ ಮೇಲೆಯೇ ಇರಬೇಕು.

ತಂಡದ ಪಂದ್ಯಗಳು

ವಿಶ್ವ ಚಾಂಪಿಯನ್‌ಷಿಪ್ ಬೆಸ ವರ್ಷಗಳಲ್ಲಿ ವೈಯಕ್ತಿಕ, ಸಮ ವರ್ಷಗಳಲ್ಲಿ ತಂಡಕ್ಕೆ. 2026ರದ್ದು ತಂಡದ್ದು, ಶತಮಾನದ ನೆನಪಿಗೆ ಲಂಡನ್‌ನಲ್ಲೇ. ಅಲ್ಲಿ ಮೂವರು ಆಡುತ್ತಾರೆ, ಐದೂ ಸಿಂಗಲ್ಸ್, ಮೊದಲು ಮೂರು ಗೆದ್ದವರಿಗೆ ಜಯ. ಮೂರನೇ ಆಟಗಾರ ಒಂದೇ ಪಂದ್ಯ ಆಡುತ್ತಾನೆ, ಉಳಿದ ಇಬ್ಬರು ಎರಡೆರಡು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲು ಡಬಲ್ಸ್, ಆಮೇಲೆ ನಾಲ್ಕು ಸಿಂಗಲ್ಸ್. ಚೆಂಗ್ಡುವಿನ ಮಿಶ್ರ ತಂಡ ವಿಶ್ವಕಪ್ ಬೇರೆಯೇ ರೀತಿ. ಅಲ್ಲಿ ಪ್ರತಿ ಪಂದ್ಯದಲ್ಲೂ ಮೂರು ಗೇಮ್ ಆಡಲೇಬೇಕು. ಒಟ್ಟು 8 ಗೇಮ್ ಮೊದಲು ಗೆದ್ದ ತಂಡಕ್ಕೆ ಜಯ.

ಒಲಿಂಪಿಕ್ಸ್ ಬಾಗಿಲು

ಪ್ಯಾರಿಸ್‌ಗೆ ಪುರುಷರಲ್ಲೂ ಮಹಿಳೆಯರಲ್ಲೂ 16 ತಂಡಗಳಿಗೆ ಜಾಗ ಇತ್ತು. ಆತಿಥೇಯ ಫ್ರಾನ್ಸ್, ಖಂಡಗಳ ಅರ್ಹತೆ, 2024ರ ಫೆಬ್ರವರಿಯ ಬೂಸಾನ್ ವಿಶ್ವ ತಂಡ ಚಾಂಪಿಯನ್‌ಷಿಪ್‌ನ ಕ್ವಾರ್ಟರ್‌ಫೈನಲ್ ತಂಡಗಳು, ಉಳಿದದ್ದು ವಿಶ್ವ ತಂಡ ರ‍್ಯಾಂಕಿಂಗ್‌ನಿಂದ. ಬೂಸಾನ್‌ನಲ್ಲಿ ಚೀನಾ ಎದುರು ನಮ್ಮ ಐಹಿಕಾ ಮುಖರ್ಜಿ ವಿಶ್ವದ ನಂಬರ್ ಒನ್ ಸುನ್ ಯಿಂಗ್‌ಶಾ ಅವರನ್ನು ಸೋಲಿಸಿದರು, ಶ್ರೀಜಾ ವಾಂಗ್ ಯಿಡಿ ಅವರನ್ನು ಸೋಲಿಸಿದರು. ಆದರೂ ಆ ಪಂದ್ಯ ಚೀನಾಕ್ಕೆ 3–2ರಿಂದ ಹೋಯಿತು. ನಮ್ಮ ಎರಡೂ ತಂಡಗಳು ಕೊನೆಯ 16ರಲ್ಲಿ ಸೋತವು. ಆಮೇಲೆ ರ‍್ಯಾಂಕಿಂಗ್ ಬಾಗಿಲಿನಿಂದ ಎರಡೂ ತಂಡಗಳು ಒಲಿಂಪಿಕ್ಸ್‌ಗೆ ಹೋದವು, ಭಾರತಕ್ಕೆ ಅದೇ ಮೊದಲು. ತಂಡಕ್ಕೆ ಅರ್ಹತೆ ಬಂದರೆ ಸಿಂಗಲ್ಸ್‌ನಲ್ಲೂ ಇಬ್ಬರಿಗೆ ಜಾಗ ಸಿಗುತ್ತಿತ್ತು.

ಮಹಿಳಾ ತಂಡದ ಮೂರನೇ ಹೆಸರು ಯಾರದ್ದು ಅಂತ ಆಗ ತುಂಬಾ ಚರ್ಚೆಯಾಯಿತು. ಐಹಿಕಾ ದೊಡ್ಡ ಗೆಲುವು ಕಂಡಿದ್ದರು. ವಿಶ್ವ ರ‍್ಯಾಂಕಿಂಗ್‌ನಲ್ಲಿ ಅರ್ಚನಾ ಮುಂದಿದ್ದರು, ಅವರಿಗೆ ಜಾಗ ಸಿಕ್ಕಿತು. ಇಬ್ಬರ ಬಗ್ಗೆಯೂ ನನಗೆ ಗೌರವ ಇದೆ. ಆದರೆ ಆಯ್ಕೆಯ ಅಳತೆ ಮೊದಲೇ ಗೊತ್ತಿರುವುದು ಆಟಗಾರರಿಗೆ ನ್ಯಾಯ ಅಂತ ನಾನು ನಂಬಿದ್ದೇನೆ. ಪ್ಯಾರಿಸ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನಿ ಎದುರು ಭಾರತ 1–3ರಿಂದ ಸೋತಾಗ ಆ ಒಂದು ಪಂದ್ಯ ಗೆದ್ದವರು ಅರ್ಚನಾ. ಆ ರಾತ್ರಿ ನಮ್ಮ ಕ್ಲಬ್ಬಿನಲ್ಲಿ ಮಕ್ಕಳು ಕುಣಿದಾಡಿದರು.

ಈಗ ಮುಂದಿನದು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪುರುಷರ ಮತ್ತು ಮಹಿಳೆಯರ ತಂಡ ಸ್ಪರ್ಧೆ ಇಲ್ಲ. ಸಿಂಗಲ್ಸ್ ಮತ್ತು ಮಿಶ್ರ ಡಬಲ್ಸ್ ಉಳಿದಿವೆ. ಮಿಶ್ರ ತಂಡ ಹೊಸದಾಗಿ ಬಂದಿದೆ. 2004ರ ಅಥೆನ್ಸ್ ನಂತರ ಬಿಟ್ಟುಹೋಗಿದ್ದ ಪುರುಷರ ಡಬಲ್ಸ್, ಮಹಿಳೆಯರ ಡಬಲ್ಸ್ ವಾಪಸ್ ಬಂದಿವೆ. ಆರು ಪದಕದಲ್ಲಿ ಮೂರು ಜೋಡಿಯಾಟಕ್ಕೆ. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಡಬಲ್ಸ್ ಅಭ್ಯಾಸ ಈಗಲೂ ಕೊನೆಯ ಹತ್ತು ನಿಮಿಷದ ಮಾತು. ಇದು ಬದಲಾಗಬೇಕು. ಎಡಗೈ ಆಟಗಾರರು ಎಲ್ಲಿದ್ದಾರೆ ಅಂತ ಹುಡುಕಿ, ಬಲಗೈ ಆಟಗಾರರ ಜತೆ ಜೋಡಿಸಿ. ಹುಡುಗ ಹುಡುಗಿಯರನ್ನು ಒಂದೇ ಟೇಬಲ್‌ನಲ್ಲಿ ಆಡಿಸಿ. ಡಬಲ್ಸ್ ರ‍್ಯಾಂಕಿಂಗ್ ಜೋಡಿಯ ಹೆಸರಲ್ಲಿ ಬೆಳೆಯುತ್ತದೆ, ಜೋಡಿ ಮುರಿದರೆ ಮತ್ತೆ ಕೆಳಗಿನಿಂದ ಶುರು. ಹಾಗಾಗಿ ಒಬ್ಬ ಜತೆಗಾರನನ್ನು ಆರಿಸಿ, ಈ ವಾರವೇ ದಿನಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ, ಮುಂದಿನ ಜಿಲ್ಲಾ ಟೂರ್ನಿಗೆ ಸಿಂಗಲ್ಸ್ ಜತೆ ಡಬಲ್ಸ್ ಎಂಟ್ರಿಯನ್ನೂ ಕೊಡಿ.